ಪಕ್ಕದ ಸೀಟಿನ ಬ್ರೇಕು

ಆ ದಿನ ಬೆಳಿಗ್ಗೆ ಮಂಜು ಇರಲಿಲ್ಲ. ರಾತ್ರಿಯೆಲ್ಲ ಬೀಸಿದ ಗಾಳಿ ಆಕಾಶವನ್ನು ಗುಡಿಸಿ, ಒರೆಸಿ ಇಟ್ಟಿತ್ತು. ಎದುರು ಮನೆಯ ತಂತಿಯ ಮೇಲೆ ಒಣಗಲು ಹಾಕಿದ ಬಟ್ಟೆಯ ಕ್ಲಿಪ್ಪುಗಳು ಕೂಡ ಒಂದೊಂದಾಗಿ ಕಾಣುವಷ್ಟು ಬೆಳಕು ನಿಚ್ಚಳವಾಗಿತ್ತು. ಆದರೂ ಡ್ರೈವಿಂಗ್ ಮೇಷ್ಟ್ರು ಕಾರಿನ ಮುಂದಿನ ಗಾಜನ್ನು ಮೊದಲು ಒದ್ದೆ ಬಟ್ಟೆಯಿಂದ, ಆಮೇಲೆ ಒಣ ಬಟ್ಟೆಯಿಂದ, ಕೊನೆಗೆ ಹಳೆಯ ಪೇಪರನ್ನು ಮುದ್ದೆ ಮಾಡಿಕೊಂಡು ಒರೆಸಿದರು.

“ಇವತ್ತು ಮಂಜು ಜಾಸ್ತಿ” ಅಂದರು.

ಅವರ ಹೆಂಡತಿ ಬಾಗಿಲಲ್ಲಿ ನಿಂತು ಶಾಲು ಹೊದ್ದುಕೊಳ್ಳುತ್ತಿದ್ದರು. ಬೀದಿಯ ತುದಿಯ ತನಕ ಒಮ್ಮೆ ಕಣ್ಣಾಡಿಸಿದರು. ಅಲ್ಲಿ ಕಸದ ಬುಟ್ಟಿಯ ಮೇಲೆ ಕೂತ ಕಾಗೆಯ ಕೊಕ್ಕು ಕೂಡ ಕಾಣುತ್ತಿತ್ತು.

“ಹೂಂ ರೀ, ಜಾಸ್ತಿನೇ” ಅಂದರು.

ಬಹಳ ಕಾಲ ಒಟ್ಟಿಗೆ ಬಾಳಿದವರ ನಡುವೆ ಸುಳ್ಳು ಕೂಡ ಒಂದು ದೊಡ್ಡ ಪಾತ್ರೆಯಂತೆ. ಇಬ್ಬರೂ ಒಂದೊಂದು ಕಿವಿ ಹಿಡಿದು ಎತ್ತಿದರೆ ಮಾತ್ರ ಚೆಲ್ಲದೆ ಸಾಗುತ್ತದೆ.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ, ಕಾರು ಕಲಿಸುತ್ತಿದ್ದವರು. ಊರಿನ ಅರ್ಧ ಜನ ಅವರ ಕೈಯಲ್ಲಿ ಪಳಗಿದವರೇ. ಅವರಿಗೆ ಬ್ರೇಕ್ ಮೇಷ್ಟ್ರು ಅಂತಲೇ ಹೆಸರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕು ಇರುತ್ತದೆ, ಕಲಿಯುವವನು ತಪ್ಪಿದರೆ ಕಲಿಸುವವನು ಒತ್ತಲಿ ಅಂತ. ಅದರ ಮೇಲೆ ಮೇಷ್ಟ್ರ ಕಾಲು ಹಾಲಿನ ಪಾತ್ರೆಯ ಪಕ್ಕ ಕೂತ ಬೆಕ್ಕಿನ ಹಾಗಿರುತ್ತಿತ್ತು. ನಿದ್ದೆ ಮಾಡಿದಂತೆ ಕಾಣುತ್ತಿತ್ತು, ನಿದ್ದೆ ಇರುತ್ತಿರಲಿಲ್ಲ.

ಅವರ ಪಾಠದ ಕೊನೆಯ ದಿನ ಕಾರು ಓಡಿಸುವುದು ಇರುತ್ತಿರಲಿಲ್ಲ, ನಿಲ್ಲಿಸುವುದು ಮಾತ್ರ. ಬೇರೆ ಯಾವ ಡ್ರೈವಿಂಗ್ ಸ್ಕೂಲಿನಲ್ಲೂ ಆ ಪಾಠ ಇರಲಿಲ್ಲ. ಮೇಷ್ಟ್ರು ಡಿಕ್ಕಿಯಿಂದ ಒಂದು ಹಳೆಯ ಟೋಪಿ ತೆಗೆದು ತಲೆಗಿಟ್ಟುಕೊಂಡು, ಕತ್ತಿಗೆ ಸೀಟಿ ನೇತುಹಾಕಿಕೊಂಡು ಖಾಲಿ ಮೈದಾನದ ನಡುವೆ ಪೊಲೀಸಾಗಿ ನಿಲ್ಲುತ್ತಿದ್ದರು. ಕಲಿಯುವವನು ಕಾರು ತರಬೇಕು, ಇವರು ಕೈ ತೋರಿಸಬೇಕು.

“ಕೈ ತೋರಿಸಿದ್ನಾ? ನುಗ್ಗೋಕೆ ಸಂದು ಹುಡುಕಬೇಡ. ಸಿಗ್ನಲ್ ಹಾಕು, ನಿಧಾನಕ್ಕೆ ಅಂಚಿಗೆ ತಗೋ. ಇಂಜಿನ್ ಆರಿಸು. ಕೀ ತೆಗೆದು ಕಾಣೋ ಹಾಗೆ ಮುಂದೆ ಇಡು. ಗಾಜು ಪೂರ್ತಿ ಇಳಿಸು. ಎರಡು ಬೆರಳಷ್ಟು ಸಂದಿ ಬಿಟ್ಕೊಂಡು ಮಾತಾಡೋಕೆ ಅವನೇನು ನಿನಗೆ ಸಾಲ ಕೊಟ್ಟೋನಾ? ಎರಡೂ ಕೈ ಸ್ಟೀರಿಂಗ್ ಮೇಲೆ. ಕಾಗದ ಎಲ್ಲಿದೆ ಅಂತ ಮೊದಲು ಬಾಯಲ್ಲಿ ಹೇಳು, ಅವನು ಹೂಂ ಅಂದ ಮೇಲೆ ಕೈ ಹಾಕು. ನಿನ್ನ ಕೈ ಎಲ್ಲಿಗೆ ಹೋಗ್ತಿದೆ ಅಂತ ಅವನಿಗೇನು ಗೊತ್ತು? ಅವನಿಗೂ ಹೆದರಿಕೆ ಇರುತ್ತಪ್ಪ. ಅವನೂ ಒಬ್ಬ ತಾಯಿ ಮಗನೇ.”

“ನಾನು ಯಾರು ಗೊತ್ತಾ ಅಂತ ಕೇಳಬಹುದಾ ಮೇಷ್ಟ್ರೇ?” ಅಂತ ಯಾವನಾದರೂ ತರಲೆ ಕೇಳುತ್ತಿದ್ದ.

“ಧಾರಾಳವಾಗಿ ಕೇಳು. ಗೊತ್ತಿಲ್ಲ, ಅದಕ್ಕೇ ಲೈಸೆನ್ಸ್ ಕೇಳಿದ್ದು ಅಂತಾನೆ.”

ನಗು ಮುಗಿದ ಮೇಲೆ ಮೇಷ್ಟ್ರು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೊನೆಯ ಮಾತು ಹೇಳುತ್ತಿದ್ದರು. ಆಗ ಅವರ ದನಿ ತಗ್ಗುತ್ತಿತ್ತು.

“ಲೈಸೆನ್ಸ್ ನಿನ್ನ ಸ್ವತ್ತಲ್ಲ ಮಗಾ. ರಸ್ತೆ ನಿನ್ನನ್ನ ನಂಬಿ ಕೊಟ್ಟಿರೋ ಕೈಗಡ. ಕೇಳಿದಾಗ ಮುಖ ಗಂಟು ಹಾಕಬೇಡ. ತಪ್ಪು ಮಾಡಿದ್ರೆ ಮಾಡಿದೆ ಅನ್ನು. ಸುಳ್ಳಿನ ಗಾಡಿಗೆ ರಿವರ್ಸ್ ಗೇರಿಲ್ಲ.”

ಇಂಥ ಮೇಷ್ಟ್ರ ಕಣ್ಣಿನ ನಡುವಿನಲ್ಲಿ ಈಗ ಒಂದು ಮಸಿ ಬಿದ್ದಿತ್ತು. ಸುತ್ತಲಿನದೆಲ್ಲ ಕಾಣುತ್ತಿತ್ತು, ಕಣ್ಣು ನೆಟ್ಟು ನೋಡಿದ್ದೇ ಕಾಣುತ್ತಿರಲಿಲ್ಲ. ಯಾರನ್ನು ನೋಡಿದರೆ ಅವರ ಮುಖವೇ ಮಾಯ. ಮುಖ ಬೇಕಾದರೆ ಅವರ ಕಿವಿಯನ್ನು ನೋಡಬೇಕು. ಮೊದಮೊದಲು ಅದು ಕಾಳಿನಷ್ಟಿತ್ತು, ಆಮೇಲೆ ಗುಂಡಿಯಷ್ಟಾಯಿತು, ಈಗ ಅಂಗೈಯಷ್ಟು. ಮದ್ದಿಲ್ಲ ಅಂತ ಕಣ್ಣಿನ ಡಾಕ್ಟರು ಹೇಳಿದ ದಿನ ಮೇಷ್ಟ್ರು ಮನೆಗೆ ಬಂದು “ಮಂಡಿ ನೋವು ಜಾಸ್ತಿಯಾಯ್ತು, ಸ್ಕೂಲು ಸಾಕು” ಅಂದು ಬೋರ್ಡು ಇಳಿಸಿದರು. ಊರು ಮಂಡಿಯ ಮಾತನ್ನು ನಂಬಿತು. ಮೇಷ್ಟ್ರು ಸುಳ್ಳು ಹೇಳುತ್ತಾರೆ ಅಂತ ಯಾರಿಗಾದರೂ ಹೊಳೆಯುವುದುಂಟೇ?

ಕಾರನ್ನೂ ಬಿಟ್ಟುಬಿಡುತ್ತಿದ್ದರೇನೋ. ಆದರೆ ಅದೇ ಹೊತ್ತಿಗೆ ಹೆಂಡತಿಯ ಮೂತ್ರಪಿಂಡ ಕೈಕೊಟ್ಟಿತು. ವಾರದಲ್ಲಿ ಮೂರು ದಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಮಲಗಬೇಕು. ಆಸ್ಪತ್ರೆಯದೇ ಒಂದು ವ್ಯಾನು ಇತ್ತು. ಅದು ಬೆಳಕು ಹರಿಯುವ ಮೊದಲೇ ಬಂದು, ಊರೆಲ್ಲ ಸುತ್ತಿ, ಬಾಡಿದ ಸೊಪ್ಪಿನ ಕಟ್ಟಿನ ಹಾಗೆ ರೋಗಿಗಳನ್ನು ತುಂಬಿಕೊಂಡು ಹೋಗುತ್ತಿತ್ತು. ಎರಡು ಸಲ ಅದರಲ್ಲಿ ಹೋದ ಹೆಂಡತಿ ಎರಡು ಸಲವೂ ವಾಂತಿ ಮಾಡಿಕೊಂಡು, ಪಕ್ಕದವರ ಮಡಿಲೆಲ್ಲ ಹಾಳು ಮಾಡಿದೆ ಅಂತ ನಾಚಿಕೆಯಿಂದ ಅತ್ತರು. ಬಸ್ಸಿಗೆ ಹೋಗೋಣವೆಂದರೆ ನಡುವೆ ಇಳಿದು ಇನ್ನೊಂದು ಹತ್ತಬೇಕು, ಗಾಳಿಯಲ್ಲಿ ನಿಂತು ಕಾಯಬೇಕು. ಅವತ್ತು ಮೇಷ್ಟ್ರು “ನಾನಿರೋವಾಗ ನೀನ್ಯಾಕೆ ಕಂಡೋರ ವ್ಯಾನು ಹತ್ತಬೇಕು” ಅಂದರು. ಆ ದಾರಿ ಅವರಿಗೆ ಅಂಗೈ ಗೆರೆ. ಎಲ್ಲಿ ತಿರುವು, ಎಲ್ಲಿ ಗುಂಡಿ, ಎಲ್ಲಿ ರಸ್ತೆಯ ಉಬ್ಬು, ಎಲ್ಲ ಕೈಕಾಲಿಗೆ ಗೊತ್ತಿತ್ತು.

ಕಣ್ಣಿಗೆ ಗೊತ್ತಿರದಿದ್ದುದು ದಾರಿಯ ಮೇಲೆ ಹೊಸದಾಗಿ ಬಂದು ನಿಲ್ಲುವವರು.

ಒಂದು ದಿನ ತಳ್ಳುಗಾಡಿಯೊಂದು ಅಡ್ಡ ಬಂತು. ಮೇಷ್ಟ್ರ ಕಾಲು ಅಲುಗಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ತಮಗೇ ಗೊತ್ತಿಲ್ಲದಂತೆ ಕಾಲು ಚಾಚಿದರು. ಅಲ್ಲಿ ಆ ಎರಡನೆಯ ಬ್ರೇಕು ಇತ್ತು. ಕಾರು ನಿಂತಿತು, ತಳ್ಳುಗಾಡಿಯವನು ಬಯ್ದು ಮುಂದೆ ಹೋದ.

“ಗಾಡಿಗೆ ವಯಸ್ಸಾಯ್ತು ನೋಡು” ಅಂದರು ಮೇಷ್ಟ್ರು. “ಆಯಾಸ ಆದಾಗ ತಾನಾಗೇ ನಿಲ್ಲುತ್ತೆ.”

“ಅನುಭವಸ್ಥ ಗಾಡಿ ರೀ” ಅಂದರು ಹೆಂಡತಿ.

ಅಂದಿನಿಂದ ಹೆಂಡತಿ ತಮ್ಮ ಹಗುರ ಚಪ್ಪಲಿಯನ್ನು ಕಾರಿನಲ್ಲಿ ಕಳಚಿ, ಬರಿಗಾಲನ್ನು ಆ ಬ್ರೇಕಿನ ಮೇಲಿಟ್ಟು ಕೂರತೊಡಗಿದರು. ಹುಟ್ಟಿದಂದಿನಿಂದ ಸ್ಟೀರಿಂಗ್ ಮುಟ್ಟಿದವರಲ್ಲ. ಆದರೂ ಕಾರು ಈಗ ಇಬ್ಬರು ಸೇರಿ ಓಡಿಸುವುದಾಗಿತ್ತು: ನೆನಪು ಒಬ್ಬರದು, ಕಣ್ಣು ಒಬ್ಬರದು. ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆಡಿದರೆ ನಿಲ್ಲಿಸಬೇಕಾಗುತ್ತಿತ್ತು.

ಆ ದಿನವೂ ಹಾಗೇ ಹೊರಟರು. ಹೊರಡುವ ಮೊದಲು ಮೇಷ್ಟ್ರು ಸ್ಟೀರಿಂಗಿಗೆ ಕೈ ಮುಟ್ಟಿಸಿ ಕಣ್ಣು ಮುಚ್ಚಿ ಬೇಡಿಕೊಂಡರು. ತಮ್ಮನ್ನು ಕಾಪಾಡು ಅಂತ ಅವರು ಎಂದೂ ಬೇಡಿದವರಲ್ಲ. “ದೇವರೇ, ಎದುರಿಗೆ ಬರೋರನ್ನ ಕಾಪಾಡು” ಅನ್ನುವುದು ಅವರ ಪ್ರಾರ್ಥನೆ. ಈಚೆಗೆ ಅದನ್ನು ಹೇಳುವಾಗ ಅವರ ತುಟಿ ಸ್ವಲ್ಪ ಹೆಚ್ಚು ಹೊತ್ತು ಅಲುಗುತ್ತಿತ್ತು.

ಅಂಚೆ ಕಚೇರಿಯ ವೃತ್ತದಲ್ಲಿ ಎಡಕ್ಕೆ ತಿರುಗಿದರೆ ಆಸ್ಪತ್ರೆಯ ದಾರಿ. ಮೇಷ್ಟ್ರು ಸಿಗ್ನಲ್ ಹಾಕಿ, ನೂರಾರು ಜನಕ್ಕೆ ಕಲಿಸಿದ ಹಾಗೆಯೇ ಅಂದವಾಗಿ ಎಡಕ್ಕೆ ತಿರುಗಿಸಿದರು. ಆ ವಾರ ಪೈಪು ಹೂಳುವ ಕೆಲಸಕ್ಕೆಂದು ಆ ತಿರುವನ್ನು ಮುಚ್ಚಿದ್ದರು. ಕೆಂಪು ಬೋರ್ಡು ರಸ್ತೆಯ ನಟ್ಟನಡುವೆ, ಅಂದರೆ ಮೇಷ್ಟ್ರಿಗೆ ಏನೂ ಕಾಣದ ಜಾಗದಲ್ಲಿ ನಿಂತಿತ್ತು. ಹೆಂಡತಿ ಬ್ರೇಕು ಒತ್ತಿದರು. ಕಾರು ಬೋರ್ಡಿಗೆ ಒಂದು ಗೇಣು ಬಿಟ್ಟು ನಿಂತಿತು. ಹಿಂದಿನಿಂದ ಸೀಟಿ ಕೇಳಿಸಿತು.

ಸೀಟಿ ಕೇಳಿಸಿದ್ದೇ ಮೇಷ್ಟ್ರ ಕೈ ತಾನಾಗಿ ಪಾಠ ಒಪ್ಪಿಸತೊಡಗಿತು. ಹಿಂದಕ್ಕೆ ತೆಗೆದು, ಅಂಚಿಗೆ ಹಾಕಿ, ಇಂಜಿನ್ ಆರಿಸಿ, ಕೀಯನ್ನು ಗಾಜಿನ ಕೆಳಗೆ ಇಟ್ಟು, ಕಿಟಕಿ ಪೂರ್ತಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು ಕೂತರು. ಟ್ರಾಫಿಕ್ ಪೊಲೀಸು ಬಂದು ಬಗ್ಗಿದವನು ಹಾಗೇ ನಿಂತುಬಿಟ್ಟ.

“ಮೇಷ್ಟ್ರೇ, ನೀವಾ?”

ದನಿ ಕೇಳಿಯೇ ಮೇಷ್ಟ್ರಿಗೆ ಗುರುತು ಹತ್ತಿತು. ಗಡಿಬಿಡಿ. ಅವರೇ ಇಟ್ಟ ಹೆಸರು. ಕಲಿಯುವಾಗ ಕಾರು ನಿಲ್ಲುವ ಮೊದಲೇ ಜೇಬಿಗೆ ಕೈ ಹಾಕುತ್ತಿದ್ದ ಹುಡುಗ. ಕೊನೆಯ ಪಾಠವನ್ನು ಅವನಿಗೆ ಅದೆಷ್ಟೋ ಸಲ ಮಾಡಿಸಿದ್ದರು. ಆಮೇಲೆ ಅವನೇ ಪೊಲೀಸಾಗಿ, ಮೊದಲ ಸಂಬಳದಲ್ಲಿ ಮೇಷ್ಟ್ರ ಹಳೆಯ ಟೋಪಿಗೆ ಬದಲಾಗಿ ಒಂದು ನಿಜವಾದ ಟೋಪಿ ತಂದುಕೊಟ್ಟಿದ್ದ.

“ಗಡಿಬಿಡಿ, ಚೆನ್ನಾಗಿದೀಯಾ? ಲೈಸೆನ್ಸ್ ಮೇಲಿನ ಜೇಬಲ್ಲಿದೆ, ತೆಗೀಲಾ?”

“ಅಯ್ಯೋ ಬಿಡಿ ಮೇಷ್ಟ್ರೇ.”

“ಬಿಡೋದೇನು ಬಂತು? ಕೇಳೋದು ನಿನ್ನ ಕೆಲಸ. ಕೇಳು.”

“ಸರಿ, ತೆಗೀರಿ.” ಅವನು ಲೈಸೆನ್ಸನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ನೋಡಿದ ಹಾಗೆ ಮಾಡಿದ. “ಬೋರ್ಡು ನೋಡಲಿಲ್ವಾ?”

“ಮಂಜಪ್ಪ. ಇವತ್ತು ಬೆಳಿಗ್ಗೆಯಿಂದ ಒಂದೇ ಸಮ.”

ಗಡಿಬಿಡಿ ತಲೆ ಎತ್ತಿದ. ವೃತ್ತದ ಮೇಲೆ ಬಿಸಿಲು ಚೆಲ್ಲಿತ್ತು. ಅಂಚೆ ಕಚೇರಿಯ ಗೋಡೆಯ ಬಿರುಕಿನಲ್ಲಿ ಬೆಳೆದ ಗಿಡದ ಎಲೆ ಎಲೆಯೂ ಕಾಣುತ್ತಿತ್ತು. ಅವನು ಮತ್ತೆ ಬಗ್ಗಿ ಮೇಷ್ಟ್ರ ಮುಖ ನೋಡಿದ. ಮೇಷ್ಟ್ರು ಅವನ ಕಿವಿಯನ್ನು ನೋಡುತ್ತಿದ್ದರು.

“ಮೇಷ್ಟ್ರೇ” ಅಂದ, ಮೆಲ್ಲಗೆ. “ಆ ಮೂಲೆ ಅಂಗಡಿ ಬೋರ್ಡು ಓದಿ ನೋಡೋಣ. ಪರೀಕ್ಷೆಗೆ ಮುಂಚೆ ನಮಗೆಲ್ಲ ಓದಿಸ್ತಿದ್ರಲ್ಲ, ಅದೇ.”

ಮೇಷ್ಟ್ರು ಕಣ್ಣು ಕಿರಿದು ಮಾಡಲಿಲ್ಲ, ಮುಂದಕ್ಕೆ ಬಗ್ಗಲಿಲ್ಲ. ಒಂದು ಕ್ಷಣ ಕೂಡ ತಡೆಯದೆ, ಸರಾಗವಾಗಿ ಹೇಳಿದರು: “ಎಲ್ಲಾ ತರದ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಡಲಾಗುವುದು. ಕೆಳಗಡೆ ಸಣ್ಣ ಅಕ್ಷರದಲ್ಲಿ, ಸಾಲ ಕೇಳಬೇಡಿ.”

ಆ ಬೋರ್ಡು ಹೋಗಿ ಮಳೆಗಾಲ ಕಳೆದಿತ್ತು. ಅಲ್ಲೀಗ ಒಂದು ಬೇಕರಿ ಇತ್ತು. ಬಾಗಿಲ ಮೇಲೆ ಆಳೆತ್ತರದ ಬ್ರೆಡ್ಡಿನ ಚಿತ್ರ ಬರೆಸಿದ್ದರು.

ಗಡಿಬಿಡಿ ಆ ಬ್ರೆಡ್ಡಿನ ಕಡೆ ಒಮ್ಮೆ ನೋಡಿದ. ಅವನ ಕಣ್ಣು ಪಕ್ಕದ ಸೀಟಿಗೆ ಹೋಯಿತು. ಅಮ್ಮ ತಲೆ ತಗ್ಗಿಸಿದ್ದರು. ಅವನ ಕಣ್ಣು ಇನ್ನೂ ಕೆಳಗಿಳಿಯಿತು. ಇಂಜಿನ್ ಆರಿದ್ದರೂ, ಊದಿಕೊಂಡ ಒಂದು ಬರಿಗಾಲು ಎರಡನೆಯ ಬ್ರೇಕನ್ನು ಒತ್ತಿ ಹಿಡಿದೇ ಇತ್ತು. ಆ ಕಾಲಿನ ಬೆರಳುಗಳು ಬಿಳಿಚಿಕೊಂಡಿದ್ದವು. ಆ ಬ್ರೇಕು ಯಾತಕ್ಕೆ ಅಂತ ಆ ವೃತ್ತದಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಅದು ಅವನನ್ನು ಎಷ್ಟು ಸಲ ಉಳಿಸಿರಲಿಲ್ಲ!

“ಅಮ್ಮಾ, ಆಸ್ಪತ್ರೆಗಾ?”

“ಹೂಂ ಕಣಪ್ಪ. ಹೊತ್ತು ಮೀರಿದ್ರೆ ಯಂತ್ರ ಬೇರೆಯವರಿಗೆ ಕೊಟ್ಟುಬಿಡ್ತಾರೆ.”

ಅವನು ಲೈಸೆನ್ಸನ್ನು ಕೈಯಲ್ಲಿ ತಿರುಗಿಸಿದ. ಹಿಂದೆ ಒಂದು ಲಾರಿ ಹಾರ್ನು ಹೊಡೆಯಿತು. ಅವನೊಳಗೆ ಎರಡು ಮಾತು ಜಗಳವಾಡುತ್ತಿದ್ದುದು ಅವನ ದವಡೆಯಲ್ಲಿ ಕಾಣುತ್ತಿತ್ತು. ಕೊನೆಗೆ ಗೌರವ ಗೆದ್ದಿತು. ಗೌರವ ಗೆದ್ದಾಗಲೆಲ್ಲ ಒಳ್ಳೆಯದೇ ಆಗುತ್ತದೆ ಅಂತ ಹೇಳಲು ಬರುವುದಿಲ್ಲ.

“ಮುಂದಿನ ತಿರುವಲ್ಲಿ ಹೋಗಿ” ಅಂತ ಹೇಳಿ ಲೈಸೆನ್ಸನ್ನು ಹಿಂದಕ್ಕೆ ಕೊಟ್ಟ. “ನಿಧಾನ, ಮೇಷ್ಟ್ರೇ. ಅಮ್ಮ ಹುಷಾರಾದ ಮೇಲೆ ನಾವು ಕೂತು ಮಾತಾಡೋಣ.”

ವೃತ್ತ ದಾಟಿ ಸ್ವಲ್ಪ ದೂರ ಹೋದ ಮೇಲೆ ಹೆಂಡತಿ ಹೇಳಿದರು: “ಅದು ಬೇಕರಿ ಆಗಿದೆ ರೀ.”

“ಯಾವಾಗಿಂದ?”

“ಮಳೆಗಾಲದಿಂದ.”

ಮೇಷ್ಟ್ರು ಗೇರು ಬದಲಿಸಿದರು.

ಆಸ್ಪತ್ರೆಯ ಆ ಕೋಣೆಯಲ್ಲಿ ಎಲ್ಲರೂ ಕಿಟಕಿಯ ಕಡೆ ಮುಖ ಮಾಡಿ ಮಲಗುತ್ತಾರೆ. ಯಂತ್ರದ ಗಾಲಿ ತಿರುಗುತ್ತದೆ, ರಕ್ತ ಕೊಳವೆಯಲ್ಲಿ ಹೊರಗೆ ಬಂದು, ತೊಳೆದುಕೊಂಡು ಒಳಗೆ ಹೋಗುತ್ತದೆ. ಹೆಂಡತಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ನರ್ಸು ತಂದುಕೊಟ್ಟ ಟೀ ಆರಿ ಕೆನೆಗಟ್ಟಿತ್ತು.

“ಎಷ್ಟು ದಿನದಿಂದ ಬ್ರೇಕ್ ಒತ್ತುತಿದೀಯಾ ನೀನು?”

“ನೀವು ಎಷ್ಟು ದಿನದಿಂದ ಗೊತ್ತೇ ಇಲ್ಲ ಅನ್ನೋ ಹಾಗೆ ಇದೀರೋ ಅಷ್ಟು ದಿನದಿಂದ.”

ಮೇಷ್ಟ್ರು ನಕ್ಕರು. ನಗು ನಡುವೆಯೇ ನಿಂತುಹೋಯಿತು. “ಆ ಹುಡುಗನ ಮುಂದೆ ಸುಳ್ಳು ಹೇಳಿದೆ ಕಣೇ. ಕೈಯೆಲ್ಲ ಸರಿಯಾಗೇ ಇಟ್ಟಿದ್ದೆ. ಕೀ ಮುಂದಿಟ್ಟೆ, ಗಾಜು ಇಳಿಸಿದೆ. ಎಲ್ಲಾ ಮಾಡಿ ಬಾಯಲ್ಲಿ ಮಾತ್ರ ತಪ್ಪಿದೆ.”

“ನಾನೂ ತಲೆ ತಗ್ಗಿಸ್ಕೊಂಡು ಕೂತಿದ್ದೆನಲ್ಲ. ಪಾಪ ಅನ್ನೋದು ಇದ್ರೆ ಅರ್ಧ ನಂದು.” ಅವರು ಕಣ್ಣು ಮುಚ್ಚಿದರು. “ಇವತ್ತು ಬಸ್ಸಲ್ಲಿ ಹೋಗೋಣ ರೀ. ಗಾಡಿ ಇಲ್ಲೇ ಇರಲಿ. ಗಡಿಬಿಡಿಗೆ ಹೇಳಿದ್ರೆ ಬಂದು ಮನೆಗೆ ಬಿಡ್ತಾನೆ.”

“ಹೂಂ” ಅಂದರು ಮೇಷ್ಟ್ರು. ಮನಸ್ಸಿನಿಂದಲೇ ಅಂದರು.

ಆದರೆ ಯಂತ್ರದಿಂದ ಬಿಡಿಸಿದಾಗ ಹೆಂಡತಿಯ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎದ್ದು ನಿಂತವರು ಗೋಡೆ ಹಿಡಿದುಕೊಂಡರು. ಹೊರಗೆ ಗಾಳಿ ಮತ್ತೆ ಎದ್ದಿತ್ತು. ಬಸ್ ನಿಲ್ದಾಣಕ್ಕೆ ಸೂರಿರಲಿಲ್ಲ, ಬೆಂಚಿನ ಮೇಲೆ ಆಗಲೇ ಜನ ಒತ್ತಿ ಕೂತಿದ್ದರು. ಕಾರು ಹತ್ತಿರದಲ್ಲೇ, ಬಿಸಿಲಿನಲ್ಲಿ ಬೆಚ್ಚಗೆ ನಿಂತಿತ್ತು. ಮೇಷ್ಟ್ರು ಹೆಂಡತಿಯನ್ನು ನೋಡಿದರು, ಅಂದರೆ ಹೆಂಡತಿಯ ಭುಜದ ಪಕ್ಕ ನೋಡಿದರು.

“ಇದೊಂದು ಸಲ” ಅಂದರು. “ಮನೆ ಸೇರಿಬಿಡೋಣ. ಆಮೇಲೆ ಮುಟ್ಟಲ್ಲ.”

ಎಷ್ಟು ಅನಾಹುತಗಳು ಪ್ರೀತಿಯ ಬಾಗಿಲಿನಿಂದಲೇ ಒಳಗೆ ಬರುತ್ತವೆ ಅನ್ನುವುದನ್ನು ಲೆಕ್ಕ ಇಟ್ಟವರು ಯಾರೂ ಇಲ್ಲ. ಹೆಂಡತಿಗೆ ಬೇಡ ಅನ್ನುವ ಶಕ್ತಿ ಇರಲಿಲ್ಲ. ಸೀಟಿಗೆ ಒರಗಿದರು. ಚಪ್ಪಲಿ ಕಳಚಿ ಕಾಲನ್ನು ಬ್ರೇಕಿನ ಮೇಲಿಟ್ಟರು. ಎರಡು ಬೀದಿ ಕಳೆಯುವಷ್ಟರಲ್ಲಿ ಅವರ ಕತ್ತು ವಾಲಿತು, ಕಾಲು ಜಾರಿ ಬ್ರೇಕಿನ ಪಕ್ಕಕ್ಕೆ ಬಿತ್ತು.

ಪಕ್ಕದವರು ಸುಮ್ಮನಿದ್ದರೆ ರಸ್ತೆ ಖಾಲಿ ಇದೆ ಅಂತ ಮೇಷ್ಟ್ರ ಮನಸ್ಸಿಗೆ ಅಭ್ಯಾಸವಾಗಿತ್ತು. ಹೆಂಡತಿ ನಿದ್ದೆ ಹೋದದ್ದು ಅವರಿಗೆ ತಿಳಿಯಲಿಲ್ಲ.

ಶಾಲೆಯ ಮುಂದೆ ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸೊಬ್ಬಳಿದ್ದಳು. ಕೋಲಿಗೆ ಸಿಕ್ಕಿಸಿದ ದುಂಡನೆಯ ಕೆಂಪು ಬೋರ್ಡನ್ನು ರಸ್ತೆಗೆ ಚಾಚಿದರೆ ವಾಹನಗಳು ನಿಲ್ಲುತ್ತವೆ. ಆಗ ಮಕ್ಕಳು ಕೈ ಕೈ ಹಿಡಿದು ಕೆಳಗಿಳಿಯುತ್ತಾರೆ. ಆಕೆ ಆಗ ತಾನೇ ಒಂದು ಹೆಜ್ಜೆ ಮುಂದಿಟ್ಟು ಬೋರ್ಡು ಚಾಚಿದ್ದಳು. ಮಕ್ಕಳು ಇನ್ನೂ ಇಳಿದಿರಲಿಲ್ಲ.

ಮೇಷ್ಟ್ರಿಗೆ ಕೇಳಿಸಿದ್ದು ಏನೋ ಮುರಿದ ಸದ್ದು. ಅದು ಕಟ್ಟಿಗೆಯ ಸದ್ದೋ ಮೂಳೆಯ ಸದ್ದೋ ತಿಳಿಯುವಷ್ಟರೊಳಗೆ ಕಾಲು ಬ್ರೇಕಿನ ಮೇಲಿತ್ತು. ಕಾರು ನಿಂತಿತು. ಹೆಂಡತಿ ಬೆಚ್ಚಿ ಎದ್ದರು. ಎದ್ದವರೇ ಖಾಲಿಯಾಗಿದ್ದ ತಮ್ಮ ಕಾಲಡಿಯನ್ನು ನೋಡಿಕೊಂಡರು.

ಮೇಷ್ಟ್ರು ಅಂಚಿಗೆ ತೆಗೆದುಕೊಂಡರು. ಇಂಜಿನ್ ಆರಿಸಿದರು. ಕೀ ಮುಂದಿಟ್ಟರು. ಗಾಜು ಪೂರ್ತಿ ಇಳಿಸಿದರು. ಎರಡೂ ಕೈ ಸ್ಟೀರಿಂಗ್ ಮೇಲೆ ಇಟ್ಟು ಕೂತರು. ಯಾವ ಪೊಲೀಸೂ ಅಲ್ಲಿರಲಿಲ್ಲ. ಸೀಟಿ ಊದುವವರು, ಕೈ ತೋರಿಸುವವರು, ಲೈಸೆನ್ಸ್ ಕೇಳುವವರು ಯಾರೂ ಬರಲಿಲ್ಲ. ಆದರೂ ಅವರು ಕಾಯುತ್ತಲೇ ಕೂತರು.

ಬಂದವಳು ಆ ಹೆಂಗಸು. ಒಂದು ಕೈಯಲ್ಲಿ ಮುರಿದ ಕೋಲು, ಇನ್ನೊಂದು ಕೈ ಎದೆಗೆ ಒತ್ತಿಕೊಂಡಿದ್ದಳು. ಮಣಿಕಟ್ಟು ಉಳುಕಿತ್ತು. ಹಿಂದೆ ಫುಟ್‌ಪಾತಿನ ಮೇಲೆ ಮಕ್ಕಳು ಸಾಲಾಗಿ ನಿಂತಿದ್ದರು. ಒಂದು ಮಗುವೂ ಮಾತಾಡುತ್ತಿರಲಿಲ್ಲ. ಮಕ್ಕಳ ಸದ್ದಿಲ್ಲದ ಶಾಲೆಯ ಬೀದಿ ಮೇಷ್ಟ್ರು ಎಂದೂ ಕೇಳಿರದ ಬೀದಿ.

“ಏನ್ ಯಜಮಾನ್ರೇ, ಕನಸು ಕಾಣ್ತಾ ಬರ್ತಿದ್ರಾ? ನಾನೇನು ಸೂಜಿನಾ ದಾರನಾ ಕಾಣದೆ ಇರೋಕೆ? ಈ ಮೈ ನೋಡಿ ಲಾರಿಗಳೇ ದಾರಿ ಬಿಡ್ತವೆ. ಇನ್ನೊಂದು ಕ್ಷಣ ಆಗಿದ್ರೆ ಆ ಚಿಕ್ಕೋನು ಇಳಿದುಬಿಡ್ತಿದ್ದ. ಅವನು ಯಾವಾಗಲೂ ಎಲ್ಲರಿಗಿಂತ ಮುಂಚೆ ಇಳಿಯೋನು.” ಅವಳ ದನಿ ಒಡೆಯಿತು. “ಮಂಜಿಲ್ಲ, ಮಳೆಯಿಲ್ಲ. ಕಾಣಲಿಲ್ವಾ ನಿಮಗೆ?”

ಮೇಷ್ಟ್ರು ಅವಳ ಕಡೆ ತಿರುಗಿದರು. ಈ ಸಲ ಕಿವಿಯನ್ನು ನೋಡಲಿಲ್ಲ. ನೇರ ಮುಖವನ್ನೇ ನೋಡಿದರು. ಅಲ್ಲಿ ಕಪ್ಪು ಬಿಟ್ಟು ಬೇರೇನೂ ಇರಲಿಲ್ಲ.

“ಕಾಣಲಿಲ್ಲ ತಾಯಿ” ಅಂದರು. “ನನಗೆ ಕಾಣಲ್ಲ.”

ಆ ಹೆಂಗಸು ಇನ್ನೂ ಏನೋ ಬಯ್ಯಲಿದ್ದವಳು ಒಳಗೆ ಬಗ್ಗಿ ನೋಡಿದಳು. ತೋಳಿಗೆ ಆಸ್ಪತ್ರೆಯ ಹತ್ತಿ ಅಂಟಿಸಿಕೊಂಡು ಬಾಯಿಗೆ ಶಾಲು ಒತ್ತಿ ಕೂತ ಇನ್ನೊಬ್ಬ ಹೆಂಗಸು. ಅವಳ ಬರಿಗಾಲು.

“ಹಾಗಾದ್ರೆ ಇಳೀರಿ ಅಣ್ಣ” ಅಂದಳು, ಮಕ್ಕಳಿಗೆ ಹೇಳುವ ದನಿಯಲ್ಲಿ. “ಇಳೀರಿ, ನಾನು ಕೈ ಹಿಡಿದು ಆ ಕಡೆ ದಾಟಿಸ್ತೀನಿ. ಅಲ್ಲಿ ಬಾಡಿಗೆ ಗಾಡಿ ಸಿಗುತ್ತೆ.”

ಉಳುಕದ ಕೈಯಿಂದ ಅವಳು ಮೇಷ್ಟ್ರ ಕೈ ಹಿಡಿದಳು. ಜೀವಮಾನವೆಲ್ಲ ಊರಿಗೆ ರಸ್ತೆ ಕಲಿಸಿದವರು ಮಕ್ಕಳ ಕಣ್ಣೆದುರಿಗೆ ರಸ್ತೆ ದಾಟಿದರು.

ಮರುದಿನ ಗಡಿಬಿಡಿಯ ಗೆಳೆಯನೊಬ್ಬ ಕಾರನ್ನು ತಂದು ಮನೆಯ ಮುಂದೆ ಬಿಟ್ಟ. ಮೇಷ್ಟ್ರು ಅದಕ್ಕೆ ಹೊದಿಕೆ ಹಾಕಿ ಹಗ್ಗ ಬಿಗಿದರು. ಸಂಜೆಗೆ ಆ ಹೆಂಗಸಿನ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದಾರೆ, ಶಾಲೆಯಲ್ಲಿ ಹೊಸ ಕೋಲು ಕೊಟ್ಟಿದ್ದಾರೆ ಅಂತ ತಿಳಿಯಿತು. ಅವಳು ದೂರು ಕೊಟ್ಟಿರಲಿಲ್ಲ. ಅದೇ ಮೇಷ್ಟ್ರಿಗೆ ಹೊರಲಾರದ ಭಾರವಾಯಿತು. ದೂರು ಕೊಟ್ಟಿದ್ದರೆ ಯಾರಾದರೂ ಬಂದು ಕೇಳುತ್ತಿದ್ದರು. ಕೇಳಿದರೆ ಕೊಡುವುದು ಸುಲಭ. ಮಲಗುವ ಮುನ್ನ ಅವರು ಎಂದಿನಂತೆ ಕೈ ಮುಗಿದು ಕೂತರು. ಎದುರಿಗೆ ಬರೋರನ್ನ ಕಾಪಾಡು ಅನ್ನುವ ಮಾತು ಬಾಯಿಗೆ ಬಂತು, ಆದರೆ ಹೊರಗೆ ಬರಲಿಲ್ಲ. ಅವರನ್ನು ಕಾಪಾಡುವುದಕ್ಕೆ ಮಾಡಬೇಕಾದ ಕೆಲಸ ದೇವರದಾಗಿರಲಿಲ್ಲ.

ಮುಂದಿನ ಆಸ್ಪತ್ರೆಯ ದಿನ ಬಸ್ಸು ಹತ್ತಿದರು. ಅಂದು ನಿಜವಾಗಿಯೂ ಸ್ವಲ್ಪ ಮಂಜಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ. ಕಂಡಕ್ಟರು “ಬೇಗ ಹತ್ರಮ್ಮ, ಗಂಟೆ ಹೊಡೀಲಾ ಬೇಡ್ವಾ” ಅಂದ. ಹೆಂಡತಿ ಪ್ಲಾಸ್ಟಿಕ್ ಚೀಲವೊಂದನ್ನು ಮಡಿಲಲ್ಲಿ ಬಿಚ್ಚಿ ಇಟ್ಟುಕೊಂಡು, ಕಿಟಕಿಯ ಸರಳು ಹಿಡಿದು ಕೂತರು. ಪ್ರತಿ ನಿಲ್ದಾಣದಲ್ಲೂ ಬಸ್ಸು ಜಗ್ಗಿದಾಗ ಅವರ ಮುಖ ಬಿಗಿಯುತ್ತಿತ್ತು. ಮೇಷ್ಟ್ರಿಗೆ ಅದು ಕಾಣುತ್ತಿರಲಿಲ್ಲ. ಹೆಂಡತಿಯ ತೋಳು ಹಿಡಿದಿದ್ದ ತಮ್ಮ ಕೈಗೆ ತಿಳಿಯುತ್ತಿತ್ತು.

ಅಂಚೆ ಕಚೇರಿಯ ವೃತ್ತದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಹೆಂಡತಿಯನ್ನು ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಕೂರಿಸಿ ಮೇಷ್ಟ್ರು “ಈಗ ಬಂದೆ” ಅಂದರು.

“ಎಲ್ಲಿಗೆ ರೀ?”

“ಆ ಕಡೆಗೆ.”

ಹೆಂಡತಿ “ನೋಡ್ಕೊಂಡು” ಅನ್ನಲು ಹೋದವರು ಅದನ್ನು ನುಂಗಿ “ನಿಧಾನ” ಅಂದರು.

ಮೇಷ್ಟ್ರು ರಸ್ತೆಯ ಅಂಚಿನಲ್ಲಿ ನಿಂತರು. ವಾಹನಗಳು ಬರುವ ಸದ್ದು, ಹೋಗುವ ಸದ್ದು. ನಡುವೆ ಕಪ್ಪು. ಒಂದು ಹೆಜ್ಜೆ ಮುಂದಿಟ್ಟು ಹಿಂದೆ ತೆಗೆದರು. ಮೋಟರ್ ಸೈಕಲ್ಲೊಂದು ತೀರ ಹತ್ತಿರ ಹಾದುಹೋಯಿತು. ಬೆಂಚಿನ ಮೇಲೆ ಕೂತಿದ್ದ ಹೆಂಡತಿಯ ಕಾಲು ಕೆಳಗಿನ ನೆಲವನ್ನು ಬಲವಾಗಿ ಒತ್ತಿತು.

ವೃತ್ತದ ನಡುವೆ ನಿಂತಿದ್ದ ಗಡಿಬಿಡಿ ನೋಡಿದ. ಎಂದೂ ಅವಸರ ಬಿಡದವನು ಒಂದು ಕ್ಷಣ ಸುಮ್ಮನೆ ನಿಂತ. ಆಮೇಲೆ ಉದ್ದಕ್ಕೆ ಒಂದು ಸೀಟಿ ಊದಿ ಎರಡೂ ಕೈ ಎತ್ತಿದ. ಲಾರಿ ನಿಂತಿತು, ಬಸ್ಸು ನಿಂತಿತು, ನಾಲ್ಕು ದಿಕ್ಕಿನಲ್ಲೂ ಎಲ್ಲವೂ ನಿಂತಿತು. ಆ ನಿಂತ ವಾಹನಗಳಲ್ಲಿ ಮೇಷ್ಟ್ರ ಹತ್ತಿರ ಕಲಿತವರು ಎಷ್ಟು ಜನ ಇದ್ದರೋ. ಯಾರೂ ಹಾರ್ನು ಹೊಡೆಯಲಿಲ್ಲ. ಖಾಲಿ ರಸ್ತೆಯ ಮೇಲೆ ಮೇಷ್ಟ್ರು ನಿಧಾನವಾಗಿ ನಡೆದು ಅವನ ಹತ್ತಿರ ಬಂದರು.

“ಮೇಲಿನ ಜೇಬಲ್ಲಿದೆ” ಅಂದರು. “ತೆಗೀಲಾ?”

ಗಡಿಬಿಡಿ ಬಾಯಿಂದ ಸೀಟಿ ತೆಗೆದ. “ಅವತ್ತೇ ನಾನು ಇಸ್ಕೊಬೇಕಿತ್ತು ಮೇಷ್ಟ್ರೇ. ನನ್ನ ಕೈಯಲ್ಲೇ ಇತ್ತು.”

“ಕೇಳೋನ ತಪ್ಪಲ್ಲಪ್ಪ. ಕೊಡೋನು ನಾನು. ತೆಗೀಲಾ?”

“ಹೂಂ” ಅಂದ ಅವನು.

ಮೇಷ್ಟ್ರು ಜೇಬಿಗೆ ಕೈ ಹಾಕಿ ಲೈಸೆನ್ಸನ್ನು ತೆಗೆದರು. ಒಮ್ಮೆ ಹೆಬ್ಬೆರಳಿನಿಂದ ಅದರ ಮೇಲಿನ ಧೂಳನ್ನು ಒರೆಸಿ, ಎರಡೂ ಕೈಯಲ್ಲಿ ಹಿಡಿದು ಅವನ ಕೈಗೆ ಕೊಟ್ಟರು.